ನಾಲ್ಕು ಸಾಲು ಹಾಗೇ ಬಿಡಿ

ನಿಮ್ಮ ಪ್ರಶ್ನೆ ಓದಿದೆ. ಶಹಾಪುರದ ಹತ್ತಿರದ ಹಳ್ಳಿ, ಪಿಯುಸಿ ಸೈನ್ಸ್ ಮುಗಿಯುತ್ತಾ ಬಂತು, ಮುಂದೆ ಸಂಶೋಧನೆ ಮಾಡಬೇಕು ಅನ್ನೋ ಆಸೆ. ಆದರೆ ವೈದ್ಯಕೀಯವೋ, ಮನಃಶಾಸ್ತ್ರವೋ, ಲೋಹಗಳ ವಿಜ್ಞಾನವೋ, ಕೃಷಿ ಎಂಜಿನಿಯರಿಂಗೋ ಗೊತ್ತಾಗುತ್ತಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀರಿ, "ನಮ್ಮಂಥ ಊರಿಗೂ ಸಂಶೋಧನೆಗೂ ಏನು ಸಂಬಂಧ?" ಅಂತ. ಆ ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ವಿಜ್ಞಾನಿ ಅಲ್ಲ. ಆಳಂದ ತಾಲೂಕಿನ ರೈತರ ಮನೆಯವನು. ಬಿಎಸ್ಸಿ ಮುಗಿಸಿ ಒಂಬತ್ತು ವರ್ಷದಿಂದ ಕಲಬುರಗಿಯಲ್ಲಿ ತೊಗರಿ ತಳಿ ಪರೀಕ್ಷೆಯ ಹೊಲದಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೇನೆ. ಸತ್ತ ಗಿಡ ಎಣಿಸುವುದು, ಬರೆದಿಡುವುದು ನನ್ನ ಕೆಲಸ.

ನೆಟೆ ರೋಗ ನೀವೂ ನೋಡಿರುತ್ತೀರಿ. ಗಿಡ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಬಾಡಿ ಒಣಗಿ ನಿಲ್ಲುತ್ತೆ. ಪಕ್ಕದ ಗಿಡ ಹಸಿರಾಗಿಯೇ ಇರುತ್ತೆ. ನೀರಿಲ್ಲದೆ ಒಣಗಿತು ಅಂದುಕೊಳ್ಳುತ್ತೇವೆ, ಆದರೆ ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಮಿಶ್ರಿತ ಕಂದು ಪಟ್ಟಿ ಏರಿರುತ್ತೆ. ಅಲ್ಲಿ ಕುಡುಗೋಲಿನಿಂದ ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಪ್ಪು ಗೆರೆ ಕಾಣುತ್ತೆ. ಅದು ಗಿಡ ನೀರು ಕುಡಿಯುವ ದಾರಿ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ಆ ದಾರಿ ಕಟ್ಟಿಬಿಟ್ಟಿರುತ್ತೆ. ಹೊಲದಲ್ಲಿ ನೀರು ಇದ್ದರೂ ಗಿಡಕ್ಕೆ ಸಿಗುವುದಿಲ್ಲ.

ನಾನು ಡಿಗ್ರಿ ಓದುವಾಗ ನಮ್ಮ ಎರೆ ಹೊಲದಲ್ಲಿ ಹೀಗೇ ಆಯಿತು. ಮುಂದಿನ ವರ್ಷ ಒಬ್ಬ ಅಂಗಡಿಯವರು ಅಪ್ಪನಿಗೆ ಒಂದು ಔಷಧಿ ಕೊಟ್ಟು ಬುಡಕ್ಕೆ ಹಾಕಿ, ನೆಟೆ ಬರುವುದೇ ಇಲ್ಲ ಎಂದರು. ಅಪ್ಪ ಸಾಲ ತಂದು ಇಡೀ ಹೊಲಕ್ಕೆ ಹಾಕಿದರು. ಆ ವರ್ಷ ನೆಟೆ ಕಡಿಮೆ ಇತ್ತು. ಊರೆಲ್ಲಾ ಔಷಧಿ ಚಲೋ ಅದ ಅಂತ ಸುದ್ದಿ ಆಯಿತು, ಇನ್ನೂ ಹತ್ತು ಮನೆಯವರು ತಂದರು. ಅದರ ಮುಂದಿನ ವರ್ಷ ನಾನು ಅಪ್ಪನಿಗೆ, ನಾಲ್ಕು ಸಾಲು ಔಷಧಿ ಹಾಕದೆ ಹಾಗೇ ಬಿಡೋಣ ಅಂದೆ. ಅಪ್ಪನಿಗೆ ಸಿಟ್ಟು ಬಂತು. "ಕಣ್ಣಾರೆ ಸಾಯೂದು ನೋಡ್ಕೋತ ಕೂಡ್ಲೇನು?" ಅಂದರು. ಎರಡು ದಿನ ಮಾತಾಡಲಿಲ್ಲ. ಅವ್ವ ನಡುವೆ ಬಂದಳು, ಆಮೇಲೆ ಬಿಟ್ಟರು.

ಕಾಯಿ ಕಟ್ಟುವಾಗ ಇಬ್ಬರೂ ಹೋಗಿ ಎಣಿಸಿದೆವು. ಔಷಧಿ ಹಾಕಿದ ಕಡೆ ನೂರು ಗಿಡಕ್ಕೆ ಮೂವತ್ತರ ಆಸುಪಾಸು ಸತ್ತಿದ್ದವು. ಹಾಕದ ನಾಲ್ಕು ಸಾಲಲ್ಲೂ ಅಷ್ಟೇ. ಅಪ್ಪ ಒಂದು ಸಲ ಎಣಿಸಿ ನಂಬಲಿಲ್ಲ, ಮತ್ತೆ ಈ ಕಡೆಯಿಂದ ಆ ಕಡೆಗೆ ಎಣಿಸುತ್ತಾ ಹೋದರು. ಬದುವಿನ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದರು. ಮೊದಲ ವರ್ಷ ನೆಟೆ ಕಡಿಮೆ ಇದ್ದದ್ದಕ್ಕೂ ಔಷಧಿಗೂ ಸಂಬಂಧ ಇರಲಿಲ್ಲ. ಆದರೆ ಅದನ್ನು ತಿಳಿಯಲು ಬೇರೆ ದಾರಿಯೇ ಇರಲಿಲ್ಲ ಅಲ್ವಾ? ಇಡೀ ಹೊಲಕ್ಕೆ ಹಾಕಿದ ಮೇಲೆ, ಹಾಕದಿದ್ದರೆ ಏನಾಗುತ್ತಿತ್ತು ಅಂತ ಯಾರನ್ನು ಕೇಳುವುದು?

ನನ್ನ ಪ್ರಕಾರ ಸಂಶೋಧನೆ ಅಂದರೆ ಆ ನಾಲ್ಕು ಸಾಲು. ನೀವು ಹೇಳಿದ ನಾಲ್ಕೂ ವಿಷಯಗಳಲ್ಲಿ ಅದೇ ಇದೆ, ರೂಪ ಬೇರೆ ಬೇರೆ.

ನಮ್ಮ ಪರೀಕ್ಷೆಯ ಹೊಲದಲ್ಲಿ ಒಂದು ತುಂಡು ಜಾಗ ಇದೆ. ಅಲ್ಲಿ ನಾವು ಬೇಕಂತಲೇ ರೋಗ ಸಾಕುತ್ತೇವೆ. ನೆಟೆ ಹಿಡಿದು ಸತ್ತ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸುತ್ತೇವೆ. ಅಂಥ ಮಣ್ಣಿನಲ್ಲಿ ಹೊಸ ತಳಿಗಳನ್ನು ಬಿತ್ತಿ ಯಾವುದು ಬದುಕುತ್ತೆ ನೋಡುವುದು. ಕೆಲವು ಸಾಲಿಗೊಮ್ಮೆ, ನೆಟೆ ಖಂಡಿತ ತಗಲುವ ತಳಿಯ ಒಂದು ಸಾಲು ಇರುತ್ತೆ. ಆ ಸಾಲು ಸಾಯಲೇಬೇಕು. ಅದು ಸಾಯದಿದ್ದರೆ ಮಣ್ಣಲ್ಲಿ ರೋಗವೇ ಸರಿಯಾಗಿ ಇರಲಿಲ್ಲ ಅಂತ ಅರ್ಥ, ಆಗ ಉಳಿದ ಸಾಲುಗಳು ಬದುಕಿದ್ದಕ್ಕೆ ಬೆಲೆ ಇಲ್ಲ, ವರ್ಷದ ದುಡಿಮೆ ಹೋಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಒಣಗಿದ ಸಾಲು ನೋಡಿ ಸಂಕಟ ಪಡುತ್ತಿದ್ದೆ. ಈಗ ಅದು ಚೆನ್ನಾಗಿ ಒಣಗಿದರೆ ಸಮಾಧಾನ ಆಗುತ್ತೆ.

ನೆಟೆ ತಡೆಯುವ ಮಾರುತಿ ತಳಿ 1986ರಲ್ಲಿ ಕರ್ನಾಟಕಕ್ಕೆ ಬಂದದ್ದು ಇಂಥ ಹೊಲಗಳಿಂದಲೇ. ಆಮೇಲೆ ಆಶಾ ಬಂತು. ನಮ್ಮ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್ ಬಂತು. ನೀವು ಬೀದರ್ ಕಡೆಯಿಂದ ಹೈದರಾಬಾದಿಗೆ ಬಸ್ಸಲ್ಲಿ ಹೋಗಿದ್ದರೆ, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಸಿಗುತ್ತೆ. 1972ರಲ್ಲಿ ಶುರುವಾದ ಇಕ್ರಿಸ್ಯಾಟ್, ಅಂದರೆ ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ, ಇರುವುದು ಅಲ್ಲೇ. 13 ಸಾವಿರಕ್ಕೂ ಹೆಚ್ಚು ಬಗೆಯ ತೊಗರಿ ಬೀಜ ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ತೊಗರಿಯ ಇಡೀ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಮಾಹಿತಿ, ಮೊದಲು ಓದಿದ್ದು ಈ ಆಶಾ ತಳಿಯದ್ದೇ. ಅಮೆರಿಕಾದವರ ಗೋಧಿಯದ್ದಲ್ಲ, ನಾವು ದಿನಾ ತಿನ್ನುವ ಬೇಳೆಯದು. ನಮ್ಮೂರಿಗೂ ಸಂಶೋಧನೆಗೂ ಸಂಬಂಧ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಈಗ ವೈದ್ಯಕೀಯಕ್ಕೆ ಬರೋಣ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಔಷಧಿ ಪರೀಕ್ಷೆ ಮಾಡುವ ಇವತ್ತಿನ ಪದ್ಧತಿಯ ಬೇರು ಹೊಲದಲ್ಲಿದೆ. ಯಾವ ಹೊಲವೂ ಎಲ್ಲಾ ಕಡೆ ಒಂದೇ ಥರ ಇರಲ್ಲ, ಒಡ್ಡಿನ ಹತ್ತಿರ ಹಸಿ ಜಾಸ್ತಿ, ಮೇಲಿನ ತಲೆಯಲ್ಲಿ ಗರಸು ಮಣ್ಣು. ಚಲೋ ಮಣ್ಣಿಗೆ ಹೊಸ ಬೀಜ, ಕೆಟ್ಟ ಮಣ್ಣಿಗೆ ಹಳೆ ಬೀಜ ಬಿದ್ದರೆ ಲೆಕ್ಕವೇ ಸುಳ್ಳಾಗುತ್ತೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಇದಕ್ಕೆ ಹೇಳಿದ ಉಪಾಯ ಸರಳ. ಯಾವ ತುಂಡಿಗೆ ಯಾವುದು ಅಂತ ಚೀಟಿ ಎತ್ತಿ ತೀರ್ಮಾನಿಸಿ, ನಿಮ್ಮ ಮನಸ್ಸಿಗೆ ಬಂದ ಹಾಗೆ ಆರಿಸಬೇಡಿ. ಈ ಫಿಷರ್ ಕೈಕೆಳಗೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಜಗತ್ತಿನ ಸಂಖ್ಯಾಶಾಸ್ತ್ರದಲ್ಲೇ ದೊಡ್ಡ ಹೆಸರು.

ಆಸ್ಪತ್ರೆಯಲ್ಲಿ ಚೀಟಿ ಎತ್ತುವುದು ಅಂದರೆ ನಮ್ಮಪ್ಪ ಕೇಳಿದ ಪ್ರಶ್ನೆಯೇ ಎದುರು ಬರುತ್ತೆ. ಮನುಷ್ಯರನ್ನು ಔಷಧಿ ಇಲ್ಲದೆ ಬಿಡಲಾಗುತ್ತಾ? ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದಾಗ ಎಲ್ಲರಿಗೂ ಕೊಡುವಷ್ಟು ಔಷಧಿ ಇರಲೇ ಇಲ್ಲ. ಹಾಗಾಗಿ ಚೀಟಿ ಎತ್ತುವುದೇ ನ್ಯಾಯ ಅನ್ನಿಸಿತು. 55 ಜನಕ್ಕೆ ಔಷಧಿ, 52 ಜನಕ್ಕೆ ಆಗಿನ ರೂಢಿಯಂತೆ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಸಾವು, ಎರಡನೆಯದರಲ್ಲಿ 14. ಇದು 1948ರಲ್ಲಿ ಪ್ರಕಟವಾಯಿತು.

ಆದರೆ ನನಗೆ ಇದಕ್ಕಿಂತ ಮದ್ರಾಸಿನ ಪರೀಕ್ಷೆ ಜಾಸ್ತಿ ಇಷ್ಟ. ಆಗ ಕ್ಷಯ ಬಂದವರನ್ನು ಸ್ಯಾನಟೋರಿಯಂಗೆ, ಅಂದರೆ ಕ್ಷಯದವರಿಗಾಗಿಯೇ ಇದ್ದ ಆಸ್ಪತ್ರೆಗೆ ಸೇರಿಸಬೇಕು, ಒಳ್ಳೆ ಗಾಳಿ, ಒಳ್ಳೆ ಊಟ, ಪೂರ್ತಿ ವಿಶ್ರಾಂತಿ ಬೇಕೇ ಬೇಕು ಎಂದು ಎಲ್ಲರೂ ನಂಬಿದ್ದರು. ನಮ್ಮ ದೇಶದಲ್ಲಿ ಅಷ್ಟು ಹಾಸಿಗೆ ಎಲ್ಲಿತ್ತು? 1956ರಲ್ಲಿ ಶುರುವಾದ ಪರೀಕ್ಷೆಯಲ್ಲಿ 193 ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. ಅರ್ಧ ಜನ ಸ್ಯಾನಟೋರಿಯಂಗೆ, ಇನ್ನರ್ಧ ಜನ ಇಕ್ಕಟ್ಟಿನ ತಮ್ಮ ಮನೆಯಲ್ಲೇ. ಇಬ್ಬರಿಗೂ ಅದೇ ಮಾತ್ರೆ, ಒಂದು ವರ್ಷ. ಕೊನೆಗೆ ಗುಣ ಆದವರ ಲೆಕ್ಕ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಂತು. ಮನೆಯವರಿಗೂ ಅದರಿಂದ ರೋಗ ಹೆಚ್ಚು ಹರಡಲಿಲ್ಲ. ಇವತ್ತು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕ್ಷಯದ ಮಾತ್ರೆ ತಗೊಂಡ್ರಾ ಅಂತ ಕೇಳುತ್ತಾರಲ್ಲ, ಮನೆಯಲ್ಲೇ ಗುಣ ಆಗಬಹುದು ಅನ್ನುವ ಧೈರ್ಯ ಬಂದದ್ದು ಅಲ್ಲಿಂದ.

ಹಾಗಂತ ಔಷಧಿ ಕಂಡುಹಿಡಿಯುವುದೊಂದೇ ವೈದ್ಯಕೀಯ ಸಂಶೋಧನೆ ಅಲ್ಲ. ನಮ್ಮ ಆಯಿಯ ಎಡಗಾಲಿನ ಹರಡಿನ ಮೇಲೆ ಒಂದು ಕಲೆ ಇತ್ತು, ನಾಲ್ಕಾಣೆ ಅಗಲ, ಚರ್ಮ ಒಳಗೆ ಎಳೆದುಕೊಂಡ ಹಾಗೆ. ನಾರು ಹುಣ್ಣು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಗೊತ್ತಿರುತ್ತೆ. ಕಾಲಿನಿಂದ ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು, ಒಂದು ಮೀಟರ್ ತನಕ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು, ಹರಿದರೆ ಕೀವು ತುಂಬುತ್ತಿತ್ತು. ಆಯಿ ಮೂರು ವಾರ ನೆಲಕ್ಕೆ ಕಾಲು ಊರಲಿಲ್ಲವಂತೆ, ಅದೂ ಸುಗ್ಗಿಯಲ್ಲಿ.

ಯಾಕೆ ಬರುತ್ತೆ ಅಂತ ಯಾರಿಗೂ ಹೊಳೆಯಲಿಲ್ಲ, ಹೊಳೆಯುವುದು ಸುಲಭವೂ ಇರಲಿಲ್ಲ. ಯಾಕೆಂದರೆ ಬಾವಿಯ ನೀರು ಕುಡಿದು ಸುಮಾರು ಒಂದು ವರ್ಷ ಆದ ಮೇಲೆ ಹುಳ ಹೊರಗೆ ಬರುತ್ತೆ. ವರ್ಷದ ಹಿಂದೆ ಕುಡಿದ ತಂಬಿಗೆ ನೀರು ಯಾರಿಗೆ ನೆನಪಿರುತ್ತೆ? 1870ರಲ್ಲಿ ರಷ್ಯಾದ ಫೆಡ್ಚೆಂಕೊ ಈ ಹುಳದ ಮರಿಗಳು ನೀರಿನ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿಯೊಳಗೆ ಬೆಳೆಯುವುದನ್ನು ನೋಡಿದ. ಆಮೇಲೆ ಇಡೀ ಸುತ್ತು ಗೊತ್ತಾಯಿತು. ಉರಿಯುವ ಕಾಲನ್ನು ಮೆಟ್ಟಿಲು ಬಾವಿಗೆ ಇಳಿಸಿದರೆ ಹುಳ ಮರಿ ಬಿಡುತ್ತೆ, ಅದನ್ನು ಸೈಕ್ಲಾಪ್ಸ್ ತಿನ್ನುತ್ತೆ, ಅದೇ ನೀರು ನಾವು ಕುಡಿಯುತ್ತೇವೆ. ಇದಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿದ್ದವರು ಬಾವಿಗೆ ಇಳಿಯದಂತೆ ನೋಡಿಕೊಳ್ಳುವುದು, ಮೆಟ್ಟಿಲು ಬಾವಿಯ ಬದಲು ಬೋರಿಂಗು ಹಾಕುವುದು. ಮುಖ್ಯವಾಗಿ ಇಂಥ ಕ್ರಮಗಳಿಂದಲೇ ಭಾರತದ ಕೊನೆಯ ಕೇಸು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಮುಗಿಯಿತು, 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನನ್ನ ಮಗಳಿಗೆ ನಾರು ಹುಣ್ಣು ಅನ್ನುವ ಪದವೇ ಗೊತ್ತಿಲ್ಲ. ಇದನ್ನು ಯೋಚಿಸಿದಾಗ ನನಗೆ ಈಗಲೂ ಕಣ್ಣು ತುಂಬುತ್ತೆ.

ಮನಃಶಾಸ್ತ್ರವನ್ನು ಹಗುರವಾಗಿ ತಗೊಳ್ಳಬೇಡಿ. ರಾಶಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ನಮ್ಮ ರೈತರು ತಪ್ಪು ತೀರ್ಮಾನ ಮಾಡುತ್ತಾರೆ, ಹೆಚ್ಚು ಬಡ್ಡಿಗೆ ಸಾಲ ತರುತ್ತಾರೆ, ಅಂಗಡಿಯವರ ಮಾತು ನಂಬುತ್ತಾರೆ. ಬುದ್ಧಿ ಇಲ್ಲ ಅಂತ ಜನ ಆಡಿಕೊಳ್ಳುತ್ತಾರೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರು. ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಬಂದ ಮೇಲೆ ಒಮ್ಮೆ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಅದೇ ಮನುಷ್ಯ ಚೆನ್ನಾಗಿ ಮಾಡಿದ. ಇಲ್ಲಿ ನಾಲ್ಕು ಸಾಲು ಯಾವುದು ನೋಡಿ, ಅವನಿಗೆ ಅವನೇ ಹೋಲಿಕೆ. ಕಬ್ಬಿನ ಕಟಾವಿನ ದಿನ ಮಿಲ್ಲಿನವರು ಹೇಳಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು, ಆದ್ದರಿಂದ ಇದು ಹವಾಮಾನದ ಪ್ರಭಾವ ಅಂತಲೂ ಹೇಳುವ ಹಾಗಿಲ್ಲ. ಇದನ್ನು ಓದಿದ ಮೇಲೆ ನಮ್ಮಪ್ಪ ಆ ಔಷಧಿಗೆ ಸಾಲ ಮಾಡಿದ್ದರ ಬಗ್ಗೆ ನನಗಿದ್ದ ಸಿಟ್ಟು ಹೋಯಿತು.

ಇನ್ನು ಲೋಹ. ಇದಕ್ಕೆ ಒಂದು ದಿನ ಬೀದರ್‌ಗೆ ಹೋಗಿ ಬಿದರಿ ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಮೈಲುತುತ್ತ ಹಚ್ಚಿ ಮೈ ಕಪ್ಪಾಗಿಸಿ ಅದರ ಮೇಲೆ ಚಿತ್ರ ಕೊರೆದು, ಕೊರೆದಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿದ ಮೇಲೆ ಎಲ್ಲಾ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗಲ್ಲ. ಆಮೇಲೆ ಕೋಟೆಯ ಮಣ್ಣು, ನವಸಾಗರ, ನೀರು ಕುದಿಸಿ ಅದರಲ್ಲಿ ಅದ್ದಿ ತೆಗೆದರೆ ಸತು ಇದ್ದಲಿನ ಹಾಗೆ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತಾ ಉಳಿದಿರುತ್ತೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಯಾವ ಮಣ್ಣು ಸರಿ ಅಂತ ಕಾರಿಗರರು ನಾಲಿಗೆಗೆ ಹಚ್ಚಿ ಹೇಳುತ್ತಾರೆ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಂಡನ್ನಿನ ಮ್ಯೂಸಿಯಂಗಳ ಇಬ್ಬರು ವಿಜ್ಞಾನಿಗಳು ಹಳೆ ಬಿದರಿ ಸಾಮಾನುಗಳನ್ನು ಪರೀಕ್ಷಿಸಿ, ತಾವೂ ಲೋಹ ಕರಗಿಸಿ ಮಾಡಿ ನೋಡಿದರು. ಆ ಕಪ್ಪಿಗೆ ಸ್ವಲ್ಪ ತಾಮ್ರ ಬೇಕೇ ಬೇಕು, ಬರೀ ಸತುವಿಗೆ ಅದು ಬರುವುದಿಲ್ಲ. ಕಾರಿಗರರ ಕೈಗೆ ಇದು ಶತಮಾನಗಳಿಂದ ಗೊತ್ತಿತ್ತು. ತಾಮ್ರ ತೆಗೆದು ನೋಡಿದ್ದರಿಂದ ಯಾಕೆ ಅನ್ನುವುದರ ಬಾಗಿಲು ತೆರೆಯಿತು. ಇದನ್ನು ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಲೆಕ್ಚರರ್ ಜೊತೆ ಸೇರಿ ನೀವೂ ಮಾಡಬಹುದು. ಕೋಟೆ ಮಣ್ಣು ಒಂದು ಕಡೆ, ನಿಮ್ಮ ಹೊಲದ ಮಣ್ಣು ಇನ್ನೊಂದು ಕಡೆ.

ಯಾವುದು ಓದಬೇಕು ಅಂತ ಕೇಳಿದ್ದಿರಿ. ನನಗೆ ವಿಭಾಗದ ಹೆಸರು ಅಷ್ಟು ಮುಖ್ಯ ಅನ್ನಿಸಲ್ಲ, ನಿಮ್ಮನ್ನು ನಿದ್ದೆಗೆಡಿಸುವ ಪ್ರಶ್ನೆ ಯಾವುದೋ ಅದರ ಹಿಂದೆ ಹೋಗಿ. ಅನುಕೂಲಕ್ಕೆ ಹೇಳುವುದಾದರೆ ನಿಮ್ಮ ಪಕ್ಕದಲ್ಲೇ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ, ಕೃಷಿ ಎಂಜಿನಿಯರಿಂಗ್ ರಾಯಚೂರಿನಲ್ಲಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟಿನಲ್ಲಿ ಮೀಸಲಾತಿ ಕೊಡುವ 371ಜೆ ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಗೆ ಓಡಾಡಬೇಡಿ. ಯಾವುದಕ್ಕೆ ಹೋದರೂ ಗಣಿತ ಬಿಡಬೇಡಿ.

ನಮ್ಮಪ್ಪನಿಗೆ ಈಗ ಅರವತ್ತೆಂಟು. ನೀವು ಹೇಳಿದ ಕೃಷಿ ಎಂಜಿನಿಯರಿಂಗಿಗೂ ಒಂದು ಉದಾಹರಣೆ ಅವರ ಹೊಲದಲ್ಲೇ ಇದೆ, ಈ ವರ್ಷ ಊರಿಗೆ ಬ್ಯಾಟರಿಯ ಕುಡಿ ಚಿವುಟುವ ಯಂತ್ರ ಬಂದಿದೆ. ತೊಗರಿ ಗಿಡಕ್ಕೆ ಐವತ್ತು ದಿನ ಆಗುವಾಗ ಮೇಲಿನ ಕುಡಿ ಕತ್ತರಿಸಿದರೆ ಪಕ್ಕದ ರೆಂಬೆಗಳು ಹೆಚ್ಚು ಒಡೆಯುತ್ತವೆ, ಯಾಕೆಂದರೆ ಅವುಗಳನ್ನು ತಡೆದು ಹಿಡಿಯುವ ಆಕ್ಸಿನ್ ಅನ್ನೋ ಹಾರ್ಮೋನು ತಯಾರಾಗುವುದು ಆ ತುದಿಯಲ್ಲಿ. ಕೈಯಿಂದ ಚಿವುಟಲು ಆಳು ಸಿಗಲ್ಲ, ಯಂತ್ರ ಆದರೆ ಒಬ್ಬನೇ ಮಾಡಬಹುದು. ಹೋದ ವಾರ ಊರಿಗೆ ಹೋದಾಗ ನೋಡಿದೆ, ಹೊಲದ ನಡುವೆ ಮೂರು ಕಡೆ ಕಟ್ಟಿಗೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಏನಪ್ಪಾ ಇದು ಅಂದೆ. "ಅಲ್ಲಲ್ಲೆ ನಾಕು ನಾಕು ಸಾಲು ಚಿವುಟಿಲ್ಲ. ರಾಶಿ ಮಾಡೂ ಮುಂದ ಬ್ಯಾರೆ ಬ್ಯಾರೆ ತೂಗೂಣು, ತಕ್ಕಡಿ ತಗೊಂಡು ಬಾ" ಅಂದರು. ಜನವರಿಗೆ ರಾಶಿ. ತೂಕ ಎಷ್ಟು ಬಂತು ಅಂತ ಇಲ್ಲೇ ಬಂದು ಬರೆಯುತ್ತೇನೆ.