ಚಿನ್ನದ ಲೆಕ್ಕ ಒಂದೇ, ಬೆಳ್ಳಿಯದು ಬೇರೆ

ಓದುಗರ ಪತ್ರ: ಇಸ್ರಾಯೇಲ್ಯರು ತಮ್ಮ ನಾಯಕ ಮೋಶೆಯ ಹಿಂದೆ ಈಜಿಪ್ಟ್ ಬಿಟ್ಟು ಬಂದದ್ದಕ್ಕೆ ಪುರಾವೆಯೇ ಇಲ್ಲವಂತೆ. ಹಾಗಾದರೆ ಬೈಬಲಿನ ಹಳೆ ಒಡಂಬಡಿಕೆ ಪೂರ್ತಿ ಕಟ್ಟುಕಥೆ ಎಂದು ಹೇಳಲು ನಿಮಗೇಕೆ ಹಿಂಜರಿಕೆ?

ಸಂಪಾದಕರ ಉತ್ತರ: ಹಿಂಜರಿಕೆ ಏನಿಲ್ಲ. ಆದರೆ ಪೂರ್ತಿ ಅಂದಿರಲ್ಲ, ಅದನ್ನು ಒಪ್ಪುವುದು ಕಷ್ಟ. ಅದರಲ್ಲಿರುವುದು ನೂರಾರು ವರ್ಷಗಳ ಕಥೆ. ಎಲ್ಲಕ್ಕೂ ಒಂದೇ ತೀರ್ಪು ಕೊಡಲಾಗದು.

ಹೊರಟ ಗಂಡಸರೇ ಸುಮಾರು 6 ಲಕ್ಷ ಎನ್ನುತ್ತದೆ ಈ ಕಥೆ ಇರುವ ಬೈಬಲಿನ ಪುಸ್ತಕ ವಿಮೋಚನಕಾಂಡ. ಹೆಂಗಸರು, ಮಕ್ಕಳ ಲೆಕ್ಕ ಬೇರೆ. ಅಷ್ಟು ಜನ 40 ವರ್ಷ ಮರಳುಗಾಡಿನಲ್ಲಿ ಅಲೆದಿದ್ದರೆ ಒಲೆಯ ಬೂದಿ, ಒಡೆದ ಮಡಕೆ ಏನಾದರೂ ಸಿಗಬೇಕಿತ್ತು, ಅಲ್ವಾ? ಸಿಕ್ಕಿಲ್ಲ. ಸಣ್ಣ ಗುಂಪೊಂದು ಬಂದಿರಬಹುದು, ಅದರ ನೆನಪೇ ಬೆಳೆದು ಇಷ್ಟಾಯಿತು ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಮೋಶೆಯ ನಂತರ ನಾಯಕನಾದ ಯೆಹೋಶುವನ ಮುಂದೆ ಯೆರಿಕೋ ಊರಿನ ಗೋಡೆ ಬಿತ್ತು ಎನ್ನುತ್ತದೆ ಬೈಬಲ್. ಆದರೆ 1950ರ ದಶಕದಲ್ಲಿ ಅಲ್ಲಿ ಅಗೆದ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅವರ ಪ್ರಕಾರ ಆ ಊರು ಸುಟ್ಟುಹೋದದ್ದು ಕ್ರಿ.ಪೂ. 1550ರ ಸುಮಾರಿಗೆ. ಯೆಹೋಶುವನ ಕಾಲ ಎಂದು ಹೆಚ್ಚಿನವರು ಹೇಳುವ ಕ್ರಿ.ಪೂ. 13ನೇ ಶತಮಾನದ ಕೋಟೆಗೋಡೆ ಅವರಿಗೆ ಸಿಗಲೇ ಇಲ್ಲ.

ಆದರೆ ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ರಾಜ (ಫರೋಹ) ಮೆರ್ನೆಪ್ತಾನ ಶಾಸನದ ಕಲ್ಲಿನಲ್ಲಿ ಇಸ್ರೇಲ್ ಎಂಬ ಜನರ ಹೆಸರಿದೆ. ಅವರ ಬೀಜವೇ ಉಳಿದಿಲ್ಲ ಎಂದು ಕೊಚ್ಚಿಕೊಂಡಿದ್ದಾನೆ! ಗೆದ್ದ ರಾಜರ ಮಾತು ಎಷ್ಟು ನಂಬಬೇಕು ಎಂಬುದಕ್ಕೆ ಇದೊಂದೇ ಸಾಕು. ಇಸ್ರಾಯೇಲ್ಯರ ರಾಜ ದಾವೀದನೂ ಬರಿ ಹೆಸರಲ್ಲ. 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಸಿಕ್ಕ ಒಡೆದ ಶಾಸನದಲ್ಲಿ ಶತ್ರುವೇ 'ದಾವೀದನ ಮನೆತನ' ಎಂದು ಬರೆಸಿದ್ದಾನೆ. ಬಹುತೇಕ ವಿದ್ವಾಂಸರು ಅದನ್ನು ಹಾಗೆಯೇ ಓದುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಕ್ರಿ.ಪೂ. 701ರ ಪ್ರಸಂಗ. ಅಶ್ಶೂರದ (ಅಸ್ಸೀರಿಯಾ) ರಾಜ ಸನ್ಹೇರೀಬ, ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದ. ಇಲ್ಲಿ ಎರಡೂ ಕಡೆಯವರ ಮಾತು ಉಳಿದಿದೆ. ಕೋಟೆ ಕಟ್ಟಿದ 46 ಊರು ಹಿಡಿದೆ, ಅಲ್ಲಿನ ರಾಜ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎನ್ನುತ್ತಾನೆ ಸನ್ಹೇರೀಬ. ಕಪ್ಪವಾಗಿ ಬಂದದ್ದು 30 ತಲಾಂತು (ಆ ಕಾಲದ ಒಂದು ತೂಕ) ಚಿನ್ನ, 800 ತಲಾಂತು ಬೆಳ್ಳಿಯಂತೆ. ಬೈಬಲಿನಲ್ಲೂ ಚಿನ್ನ 30 ತಲಾಂತೇ. ಬೆಳ್ಳಿ ಮಾತ್ರ 300! ಇಷ್ಟು ಹೊಂದುವ ಲೆಕ್ಕವನ್ನು ಯಾರೂ ಸುಮ್ನೆ ಕಟ್ಟಿರಲಾರರು.

ಆಮೇಲೆ ದೇವದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಕೊಂದ ಎನ್ನುತ್ತದೆ ಬೈಬಲ್. ಅದು ನಂಬಿಕೆಯ ಮಾತು, ಅಗೆದು ನೋಡುವಂಥದ್ದಲ್ಲ. ಆದರೆ ಯೆರೂಸಲೇಮ್ ಹಿಡಿದೆ ಎಂದು ಸನ್ಹೇರೀಬನೂ ಎಲ್ಲೂ ಹೇಳುವುದಿಲ್ಲ. ತನ್ನ ರಾಜಧಾನಿ ನಿನೆವೆಯ ಅರಮನೆ ಗೋಡೆಗೆ ಅವನು ಕೆತ್ತಿಸಿದ್ದು ಯೆಹೂದದ ಲಾಕೀಷ್ ಊರನ್ನು ಗೆದ್ದ ಚಿತ್ರ. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯೆಹೂದದ ರಾಜಧಾನಿಯೇ ಕೈಗೆ ಸಿಕ್ಕಿದ್ದರೆ ಲಾಕೀಷ್‌ಗೆ ಸುಮ್ಮನಾಗುತ್ತಿದ್ದನೇ?