ಶಿಕ್ಷಕರಿಲ್ಲದೆ ಆಸನ ಕಲಿಯುವಾಗ ಭಂಗಿ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮೂರು ತಿಂಗಳಿಂದ ವಿಡಿಯೊ ನೋಡಿ ಆಸನಗಳನ್ನು ಕಲಿಯುತ್ತಿದ್ದೀರಿ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಈಗ ಕೈಬೆರಳು ಪಾದವನ್ನು ಮುಟ್ಟುತ್ತದೆ, ಆದರೆ ಪೃಷ್ಠದ ಕೆಳಗೆ, ಕುಳಿತಾಗ ನೆಲಕ್ಕೆ ತಾಗುವ ಮೂಳೆಯ ಬಳಿ ನೋವು ಕಾಣಿಸಿಕೊಂಡಿದೆ ಎಂದು ಬರೆದಿದ್ದೀರಿ. ಭಂಗಿ ನೋಡಲು ವಿಡಿಯೊದಲ್ಲಿರುವಂತೆಯೇ ಇರುವಾಗ ಅಲೈನ್‌ಮೆಂಟ್ (ದೇಹದ ಭಾಗಗಳ ಸರಿಯಾದ ಹೊಂದಾಣಿಕೆ) ತಪ್ಪಿರುವುದು ಎಲ್ಲಿ ಎಂಬುದು ನಿಮ್ಮ ಪ್ರಶ್ನೆ. ಇದೇ ನೋವನ್ನು ನಾನೂ ಅನುಭವಿಸಿರುವುದರಿಂದ ಮೊದಲು ಅದರ ಬಗ್ಗೆಯೇ ಹೇಳುತ್ತೇನೆ.

ತೊಡೆಯ ಹಿಂಭಾಗದ ಸ್ನಾಯುಗಳು ಆ ಕೂರುವ ಮೂಳೆಯಿಂದಲೇ ಹೊರಟು ಮಂಡಿಯನ್ನು ದಾಟಿ ಕೆಳಗಾಲಿಗೆ ಅಂಟಿಕೊಂಡಿರುತ್ತವೆ. ಅವು ಸರಿಯಾಗಿ ಹಿಗ್ಗುತ್ತಿದ್ದರೆ ಆ ಸೆಳೆತ ತೊಡೆಯ ನಡುಭಾಗದಲ್ಲಿ, ಅಗಲವಾಗಿ ಹರಡಿದಂತೆ ತಿಳಿಯಬೇಕು. ಬೆರಳಿಟ್ಟು ತೋರಿಸಬಹುದಾದಂತೆ ಮೂಳೆಯ ಬುಡದಲ್ಲಿಯೇ ನೋಯುತ್ತಿದ್ದರೆ, ಹಿಗ್ಗಬೇಕಾದ ಸ್ನಾಯುವಿನ ಬದಲು ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವನ್ನು ನೀವು ಜಗ್ಗುತ್ತಿದ್ದೀರಿ ಎಂದು ಅನುಮಾನಿಸಬೇಕಾಗುತ್ತದೆ. ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಸ್ನಾಯುವಿಗಿಂತ ಕಡಿಮೆ. ಆದ್ದರಿಂದ ಅದು ಬೇಗ ಮಾಯುವುದಿಲ್ಲ. ನಾನು ಇದನ್ನು ಬಿಗಿತವೆಂದೇ ಭಾವಿಸಿ, ಇನ್ನಷ್ಟು ಬಾಗಿದರೆ ಸಡಿಲವಾಗುತ್ತದೆ ಎಂದು ಪ್ರತಿದಿನ ಎಳೆಯುತ್ತಾ ಹೋದೆ. ನೋವು ಪೂರ್ತಿ ಹೋಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಸದ್ಯಕ್ಕೆ ಮಂಡಿ ನೇರವಾಗಿಟ್ಟು ಮುಂದಕ್ಕೆ ಬಾಗುವ ಎಲ್ಲ ಆಸನಗಳನ್ನೂ ನಿಲ್ಲಿಸಿ. ಸುಮ್ಮನೆ ಕುಳಿತಾಗಲೂ ನೋಯುತ್ತಿದ್ದರೆ ಫಿಸಿಯೋಥೆರಪಿಸ್ಟರನ್ನು ಕಾಣಲು ತಡಮಾಡಬೇಡಿ.

ನನ್ನ ತಪ್ಪನ್ನು ಬಿಡಿಸಿ ತೋರಿಸಿದವರು ಆನಂತರ ಸಿಕ್ಕ ಒಬ್ಬ ಶಿಕ್ಷಕಿ. ಅವರು ನನ್ನನ್ನು ಕಾಲು ಚಾಚಿ ಕೂರಿಸಿ, ಎರಡು ಹೆಬ್ಬೆರಳುಗಳನ್ನೂ ಹೊಟ್ಟೆ ಮತ್ತು ತೊಡೆ ಸೇರುವ ಸಂದಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಬಾಗಲು ಹೇಳಿದರು. ಬಾಗಿದೆ, ತಲೆ ಮಂಡಿಯ ಕಡೆಗೆ ಹೋಯಿತು, ಬೆನ್ನು ಬಿಲ್ಲಿನಂತಾಯಿತು, ಆದರೆ ಸಂದು ಮುಚ್ಚಿಕೊಂಡು ಹೆಬ್ಬೆರಳನ್ನು ಒತ್ತಲೇ ಇಲ್ಲ. ಎಂದರೆ ಸೊಂಟದ ಕೀಲು ಅಲುಗಿರಲಿಲ್ಲ, ಬಾಗಿದ್ದು ಬೆನ್ನು ಮಾತ್ರ. ಆಮೇಲೆ ಅವರು ಎರಡು ಕಂಬಳಿಗಳನ್ನು ಮಡಿಸಿ ನನ್ನ ಪೃಷ್ಠದ ಕೆಳಗಿಟ್ಟು, ಮಂಡಿಗಳನ್ನು ಒಂದಿಷ್ಟು ಮಡಿಸಲು ಹೇಳಿದರು. ಈ ಬಾರಿ ಬಾಗಿದ್ದು ನಾಲ್ಕು ಬೆರಳಿನಷ್ಟೂ ಇರಲಿಲ್ಲ. ಆದರೂ ಹೆಬ್ಬೆರಳು ಸಂದಿನಲ್ಲಿ ಸಿಕ್ಕಿಕೊಂಡಿತು, ಬೆನ್ನು ಉದ್ದವಾಗಿಯೇ ಉಳಿಯಿತು, ಸೆಳೆತ ಮೂಳೆಯಿಂದ ಇಳಿದು ತೊಡೆಯ ನಡುವಿಗೆ ಬಂತು. ಪಾದ ಮುಟ್ಟುವುದು ಆಸನದ ಅಳತೆಯಲ್ಲ ಎಂದು ನನಗೆ ಮನದಟ್ಟಾದದ್ದು ಅಂದು. ನಿಮ್ಮ ನೋವು ಪೂರ್ತಿ ಇಳಿದ ಮೇಲೆ ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು.

ಹೀಗಾಗಿ ಭಂಗಿ ಹೇಗೆ ಕಾಣುತ್ತದೆ ಎಂಬುದಕ್ಕಿಂತ, ಭಾರ ಎಲ್ಲಿಗೆ ಇಳಿಯುತ್ತಿದೆ ಮತ್ತು ಚಲನೆ ಯಾವ ಕೀಲಿನಿಂದ ಹೊರಡುತ್ತಿದೆ ಎಂದು ಗಮನಿಸುವುದನ್ನೇ ನಾನು ಅಲೈನ್‌ಮೆಂಟ್ ಎನ್ನುತ್ತೇನೆ. ಇದನ್ನು ಕಲಿಯಲು ತಾಡಾಸನಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಅದನ್ನು ಬರೀ ನಿಂತುಕೊಳ್ಳುವುದೆಂದು ಹೆಚ್ಚಿನವರು ದಾಟಿಹೋಗುತ್ತಾರೆ. ಕಣ್ಣು ಮುಚ್ಚಿ ನಿಂತು, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಈ ಮೂರರ ಮೇಲೂ ಭಾರ ಸಮನಾಗಿ ಬೀಳುತ್ತಿದೆಯೇ ನೋಡಿಕೊಳ್ಳಿ. ಹಲವರಿಗೆ ಅದು ಒಂದೇ ಅಂಚಿಗೆ ಜಾರಿರುತ್ತದೆ. ಮಂಡಿಯನ್ನು ಹಿಂದಕ್ಕೆ ಸೆಟೆಸದೆ, ತೊಡೆಯ ಮುಂಭಾಗವನ್ನು ಸ್ವಲ್ಪವೇ ಬಿಗಿಗೊಳಿಸಿ. ಇಲ್ಲಿ ಪಾದ ಕಲಿತದ್ದು ಮುಂದೆ ನಿಂತು ಮಾಡುವ ಪ್ರತಿ ಆಸನದಲ್ಲೂ ಬಳಕೆಗೆ ಬರುತ್ತದೆ.

ಮಂಡಿಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಮಂಡಿ ಮುಖ್ಯವಾಗಿ ಬಾಗಿಲಿನ ತಿರುಗಣಿಯಂತೆ ಮಡಿಚಿ ಬಿಡಿಸುವ ಕೀಲು. ತಿರುಚುವುದನ್ನು ಅದು ಹೆಚ್ಚು ಸಹಿಸುವುದಿಲ್ಲ. ಕಾಲು ಅಗಲಿಸಿ ನಿಂತು ಒಂದು ಮಂಡಿ ಮಡಿಸುವ ವೀರಭದ್ರಾಸನದಲ್ಲಿ ಆ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲದೆ, ಪಾದದ ನಡುಬೆರಳುಗಳ ದಿಕ್ಕಿಗೇ ಇರಬೇಕು. ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಎತ್ತಿದ ಪಾದವನ್ನು ತೊಡೆಯ ಮೇಲೆಯೋ ಮೀನಖಂಡದ ಮೇಲೆಯೋ ಇಡಿ, ಮಂಡಿಯ ಪಕ್ಕಕ್ಕೆ ಒತ್ತಬೇಡಿ. ಪದ್ಮಾಸನಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕಾದದ್ದು. ಅಲ್ಲಿ ಸಿಗದ ತಿರುವನ್ನು ಪಾದ ಹಿಡಿದೆಳೆದು ಪಡೆದರೆ ಅದನ್ನು ಮಂಡಿಯೇ ತೆರಬೇಕಾಗುತ್ತದೆ. ತೊಡೆಮೂಳೆಯ ಕೋನ, ಅದು ಕೂರುವ ಗುಳಿಯ ಆಳ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುವುದರಿಂದ, ಎಷ್ಟು ಅಭ್ಯಾಸ ಮಾಡಿದರೂ ಕೆಲವರಿಗೆ ಪದ್ಮಾಸನ ಒಗ್ಗುವುದಿಲ್ಲ. ಅದು ಸಾಧನೆಯ ಕೊರತೆಯಲ್ಲ, ಮೂಳೆಯ ಆಕಾರ. ಅರ್ಧ ಪದ್ಮಾಸನ, ಸುಖಾಸನಗಳು ಧ್ಯಾನಕ್ಕೆ ಏನೇನೂ ಕಡಿಮೆಯಲ್ಲ.

ಅಂಗೈ, ಪಾದಗಳನ್ನು ನೆಲಕ್ಕೂರಿ ಸೊಂಟವನ್ನು ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಹಿಮ್ಮಡಿಯನ್ನು ನೆಲಕ್ಕೆ ತಾಗಿಸುವ ಹಟ ಬಿಟ್ಟು, ಮಂಡಿ ಮಡಿಸಿ, ಬೆನ್ನನ್ನು ಉದ್ದ ಮಾಡಿ. ಅಂಗೈಯ ಭಾರ ಮಣಿಕಟ್ಟಿನ ಮೇಲೆ ಕುಸಿಯದಂತೆ ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಕೈ ನೇರ ಮಾಡಿ ಎತ್ತರಕ್ಕೆ ಏಳಬೇಕಾಗಿಲ್ಲ. ಅಂಗೈಗಳನ್ನು ಒಂದು ಕ್ಷಣ ನೆಲದಿಂದ ಬಿಡಿಸಿದಾಗ ಎದೆ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆಯೋ ಅಷ್ಟೇ ಸದ್ಯಕ್ಕೆ ನಿಮ್ಮ ಎತ್ತರ.

ಶಿಕ್ಷಕರಿಲ್ಲದಾಗ ಇದನ್ನೆಲ್ಲ ಯಾರು ತಿದ್ದುತ್ತಾರೆ? ನಾನು ಉಸಿರನ್ನು ನಂಬುತ್ತೇನೆ. ಪತಂಜಲಿಯ ಯೋಗಸೂತ್ರದ 2ನೇ ಪಾದದ 46ನೇ ಸೂತ್ರ ಆಸನವನ್ನು ‘ಸ್ಥಿರಸುಖಮಾಸನಮ್’ (ಸ್ಥಿರವೂ ಸುಖಕರವೂ ಆಗಿರುವುದೇ ಆಸನ) ಎಂದಷ್ಟೇ ಹೇಳುತ್ತದೆ, ಮುಂದಿನ ಸೂತ್ರ ಪ್ರಯತ್ನವನ್ನು ಸಡಿಲಿಸುವ ಮಾತನ್ನಾಡುತ್ತದೆ. ಐದು ಉಸಿರು ಒಂದೇ ಸಮನೆ ಮೂಗಿನಿಂದ ಹೋಗಿ ಬರುವಷ್ಟು ಹೊತ್ತು ಭಂಗಿಯಲ್ಲಿ ಇರಲಾಗದಿದ್ದರೆ, ದವಡೆ ಬಿಗಿದರೆ, ಉಸಿರು ತಾನಾಗಿ ನಿಂತರೆ, ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಕೀಲಿನೊಳಗೆ ಚುಚ್ಚಿದಂತಾದರೆ, ಜೋಮು ಹಿಡಿದರೆ, ಕಾಲಿನುದ್ದಕ್ಕೂ ಮಿಂಚು ಹರಿದಂತಾದರೆ ನಿಧಾನವಾಗಿ ಭಂಗಿಯಿಂದ ಹೊರಬಂದು ಅಂದಿಗೆ ಅದನ್ನು ಬಿಟ್ಟುಬಿಡಿ. ಇದರ ಜೊತೆಗೆ ವಾರಕ್ಕೊಮ್ಮೆ ಫೋನನ್ನು ಪಕ್ಕದಲ್ಲಿಟ್ಟು ಒಂದೇ ಆಸನವನ್ನು ಚಿತ್ರೀಕರಿಸಿ ನೋಡುವುದು ಉಪಯುಕ್ತ; ಕನ್ನಡಿಯನ್ನು ಮಾತ್ರ ನಾನು ಸಲಹೆ ಮಾಡುವುದಿಲ್ಲ, ಅದನ್ನು ನೋಡಲು ಕುತ್ತಿಗೆ ತಿರುಗಿದ ಕೂಡಲೇ ಭಂಗಿಯೇ ಬದಲಾಗಿಬಿಡುತ್ತದೆ.

ಶೀರ್ಷಾಸನ, ಸರ್ವಾಂಗಾಸನಗಳನ್ನು ದಯವಿಟ್ಟು ವಿಡಿಯೊದಿಂದ ಕಲಿಯಬೇಡಿ. ಅಲ್ಲಿ ಕುತ್ತಿಗೆಯ ಮೇಲೆ ಬೀಳುವ ಭಾರವನ್ನು ಎದುರಿಗೆ ನಿಂತು ನೋಡುವ ಕಣ್ಣು ಬೇಕು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಅಥವಾ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ತಲೆಕೆಳಗಾಗುವ ಆಸನಗಳಿಂದ ದೂರವಿರಬೇಕು. ಮೂಳೆ ಸವೆತವಿರುವವರು, ಗರ್ಭಿಣಿಯರು ಯಾವುದೇ ಆಸನವನ್ನು ಆರಂಭಿಸುವ ಮೊದಲು ವೈದ್ಯರನ್ನು ಕೇಳಬೇಕು.

ಕಂಬಳಿ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಬಳಸಲು ಸಂಕೋಚಪಡಬೇಡಿ, ಬಿ.ಕೆ.ಎಸ್. ಅಯ್ಯಂಗಾರ್ ಅವರಂಥ ಗುರುಗಳೇ ಇವುಗಳನ್ನು ಅಭ್ಯಾಸದ ಭಾಗವಾಗಿಸಿದರು. ತ್ರಿಕೋನಾಸನದಲ್ಲಿ ನೆಲಕ್ಕೆ ಎಟುಕದ ಕೈಯ ಕೆಳಗೆ ಒಂದು ಇಟ್ಟಿಗೆ ಇಟ್ಟು ನೋಡಿ, ಕುಸಿದಿದ್ದ ಪಕ್ಕೆಲುಬು ತಾನಾಗಿ ತೆರೆದುಕೊಂಡು ಉಸಿರಿಗೆ ಜಾಗವಾಗುವುದು ಆ ಕ್ಷಣವೇ ಗೊತ್ತಾಗುತ್ತದೆ. ನಿಮ್ಮ ನೋವು ಇಳಿದ ಮೇಲೆ ಪಶ್ಚಿಮೋತ್ತಾನಾಸನಕ್ಕೆ ಮರಳುವಾಗ ಎತ್ತರದ ಆಸರೆಯ ಮೇಲೆ, ಮಡಿಸಿದ ಮಂಡಿಯಿಂದಲೇ ಶುರುಮಾಡಿ, ಹೆಬ್ಬೆರಳುಗಳನ್ನು ಸಂದಿನಿಂದ ತೆಗೆಯಬೇಡಿ.