ಉಪವಾಸದ ಹೊತ್ತಿನ ಶೋಧನೆ: ಸತ್ಯವೇದ (ಬೈಬಲ್) ಏನು ಹೇಳುತ್ತದೆ?

ಪ್ರಶ್ನೆ: ಮಾನ್ಯರೇ, ನಾವು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವರು. ಮನೆಯಲ್ಲಿ ಖಣ ನೇಯುವ ಮಗ್ಗವಿದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತಕಾಲವಾದ ಲೆಂಟ್ ದಿನಗಳಲ್ಲಿ ಪ್ರತಿ ಶುಕ್ರವಾರ ಸಂಜೆಯ ಪ್ರಾರ್ಥನೆಯವರೆಗೆ ಉಪವಾಸ ಇರುತ್ತೇನೆ. ಕಳೆದ ವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಬಾಗಿಲಲ್ಲಿ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಾ ಕುಳಿತಿದ್ದಾಗ, ಓಣಿಯ ತುದಿಯಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂದು ಮನಸ್ಸು ತಡೆಯಲಿಲ್ಲ. ಎರಡು ತರಿಸಿ ತಿಂದೆ. ಆ ಸಂಕಟದಲ್ಲಿ ಮಗಳ ಮೇಲೆ ರೇಗಾಡಿದೆ, ಸಂಜೆ ಪ್ರಾರ್ಥನೆಗೂ ಹೋಗಲಿಲ್ಲ. ಯೇಸುಸ್ವಾಮಿ 40 ದಿನ ಹಸಿದಿದ್ದೂ ಸೈತಾನನು ಆಸೆ ತೋರಿಸಿ ಒಡ್ಡಿದ ಶೋಧನೆಯನ್ನು ಗೆದ್ದರು, ನನಗೆ ಒಂದು ದಿನವೂ ಆಗಲಿಲ್ಲ. ನನ್ನ ಉಪವಾಸ ವ್ಯರ್ಥವಾಯಿತೇ? ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಯವರೂ ಉಪವಾಸ ಮಾಡುತ್ತೇನೆಂದು ಹಠ ಹಿಡಿದಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಸಹೋದರಿಯವರೇ, ನಿಮ್ಮ ಪತ್ರದಲ್ಲಿ ಭಜಿ ಇದೆ, ಸಿಟ್ಟು ಇದೆ, ತಪ್ಪಿಹೋದ ಪ್ರಾರ್ಥನೆ ಇದೆ. ನೀವು ಹೆಚ್ಚು ನೊಂದಿರುವುದು ಭಜಿಗಾಗಿ. ಸತ್ಯವೇದವನ್ನು ಓದಿ ನಾನು ಅರಿತ ಮಟ್ಟಿಗೆ, ಮೂರರಲ್ಲಿ ಹಗುರವಾದದ್ದು ಅದೇ.

ಅಡವಿಯಲ್ಲಿ ಯೇಸು ಶೋಧನೆಗೊಳಗಾದ ಆ ಪ್ರಸಂಗವನ್ನು ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ನಿಧಾನವಾಗಿ ಓದಿರಿ. 40 ದಿನಗಳ ಉಪವಾಸ ಮುಗಿದ ಮೇಲೆ ಯೇಸುವಿಗೆ ಹಸಿವಾಯಿತೆಂದು ಮತ್ತಾಯನೂ ಲೂಕನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಸಿವನ್ನು ಅವರು ಪಾಪವೆಂದು ಕರೆದಿಲ್ಲ. ಆಗ ಬಂದ ಶೋಧಕನು, ಅಂದರೆ ಸೈತಾನನು, ರೊಟ್ಟಿಯ ಮಾತನ್ನು ಎತ್ತುವುದಕ್ಕೆ ಮೊದಲು ‘ನೀನು ದೇವರ ಮಗನಾಗಿದ್ದರೆ’ ಎಂದು ಆರಂಭಿಸುತ್ತಾನೆ. ಅದರ ಹಿಂದಿನ ಅಧ್ಯಾಯದ ಕೊನೆಯಲ್ಲಿಯೇ, ಯೊರ್ದನ್ ಹೊಳೆಯ ದಡದಲ್ಲಿ, ‘ಈತನು ನನ್ನ ಪ್ರಿಯ ಮಗನು’ ಎಂಬ ವಾಣಿ ಪರಲೋಕದಿಂದ ಕೇಳಿಬಂದಿತ್ತು. ತಂದೆಯು ಆಡಿದ ಆ ಮಾತನ್ನು ಕಲ್ಲು ರೊಟ್ಟಿಯಾಗುವ ಅದ್ಭುತದಿಂದ ಸಾಬೀತು ಮಾಡು ಎಂಬುದೇ ಆ ಶೋಧನೆಯ ನಿಜವಾದ ಗಾಳ, ರೊಟ್ಟಿ ಅದಕ್ಕೆ ಸಿಕ್ಕಿಸಿದ ಎರೆ ಮಾತ್ರ.

ಯೇಸು ಕೊಟ್ಟ ಉತ್ತರ ಆತನ ಸ್ವಂತ ಮಾತಲ್ಲ. ಮನುಷ್ಯನು ಬದುಕುವುದು ರೊಟ್ಟಿಯೊಂದರಿಂದಲೇ ಅಲ್ಲ, ದೇವರ ಬಾಯಿಂದ ಹೊರಡುವ ಮಾತಿನಿಂದ ಎಂಬುದು ಧರ್ಮೋಪದೇಶಕಾಂಡ 8:3ರಲ್ಲಿದೆ. ಇಸ್ರಾಯೇಲ್ಯರನ್ನು ದೇವರು ಹಸಿಯಗೊಟ್ಟು, ಆಮೇಲೆ ಮನ್ನ ಎಂಬ ಆಹಾರ ಕೊಟ್ಟು ಪೋಷಿಸಿದ್ದನ್ನು ನೆನಪಿಸುವ ಜಾಗ ಅದು. ದಿನವೂ ಜೋಳದ ರೊಟ್ಟಿ ಉಣ್ಣುವ ನಮ್ಮ ಕಡೆಯವರಿಗೆ ಈ ವಚನದ ತೂಕ ಬೇರೆಯೇ ಇದೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಾ, ಹಂಚಿನ ಮೇಲೆ ಅದು ಉಬ್ಬುವುದನ್ನು ನೋಡುತ್ತಾ, ಖಾಲಿ ಹೊಟ್ಟೆಯಲ್ಲಿ ಕುಳಿತವರಿಗೆ ಇದು ಬಾಯಿಪಾಠದ ಸಾಲಾಗಿ ಕೇಳಿಸುವುದಿಲ್ಲ. ಉಳಿದ ಎರಡು ಶೋಧನೆಗಳಿಗೆ ಯೇಸು ಕೊಟ್ಟ ಉತ್ತರಗಳೂ ಅದೇ ಪುಸ್ತಕದ 6ನೆಯ ಅಧ್ಯಾಯದವು. ಅಡವಿಯಲ್ಲಿ ಆತನ ಕೈಯಲ್ಲಿ ಗ್ರಂಥದ ಸುರುಳಿ ಇತ್ತೆಂದು ಯಾರೂ ಬರೆದಿಲ್ಲ. ಆ ವಚನಗಳು ಹಸಿವಿಗಿಂತ ಮೊದಲೇ ಆತನ ಎದೆಯಲ್ಲಿದ್ದವು. ನೀವೂ ಮುಂದಿನ ಗುರುವಾರ ರಾತ್ರಿಯೇ ಒಂದು ವಚನವನ್ನು ಆರಿಸಿ ಕಂಠಪಾಠ ಮಾಡಿಕೊಳ್ಳಿರಿ. ವಾಸನೆ ಮೂಗಿಗೆ ಬಡಿದ ಮೇಲೆ ಸತ್ಯವೇದದ ಹಾಳೆ ತಿರುವುವಷ್ಟು ಸಮಾಧಾನ ಯಾರಿಗೂ ಉಳಿಯುವುದಿಲ್ಲ.

ಸೈತಾನನೂ ವಚನವನ್ನು ಎತ್ತಿ ಹೇಳುತ್ತಾನೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ದೇವಾಲಯದ ಶಿಖರದಿಂದ ಧುಮುಕು ಎನ್ನುವಾಗ ಅವನು ಉದ್ಧರಿಸಿದ್ದು 91ನೆಯ ಕೀರ್ತನೆಯನ್ನು, ಅದರಲ್ಲಿಯೂ ‘ನಿನ್ನ ಎಲ್ಲಾ ಮಾರ್ಗಗಳಲ್ಲಿ’ ಎಂಬ ಅರ್ಥದ ಮಾತನ್ನು ಬಿಟ್ಟು. ನಮ್ಮೊಳಗೂ ಹೀಗೆಯೇ ನಡೆಯುತ್ತದೆ. ತಿನ್ನುವ ಮೊದಲು ‘ದೇವರು ಹೃದಯವನ್ನು ನೋಡುತ್ತಾನೆ, ಎರಡು ಭಜಿಯಿಂದ ಏನಾದೀತು’ ಎನ್ನುವ ದನಿಯೇ, ತಿಂದ ಮೇಲೆ ‘ಒಂದರಲ್ಲಿ ತಪ್ಪಿದವನು ಎಲ್ಲದರಲ್ಲಿಯೂ ತಪ್ಪಿದವನು, ಇನ್ನು ಪ್ರಾರ್ಥನೆಗೆ ಯಾವ ಮುಖದಿಂದ ಹೋಗುತ್ತೀ’ ಎನ್ನುತ್ತದೆ. ಎರಡೂ ಸತ್ಯವೇದದ ಮಾತುಗಳೇ, ಆದರೆ ಆಡಿಸಿದವನು ಒಬ್ಬನೇ. ನಾಲ್ಕು ಗಂಟೆಗೆ ನೀವು ಸೋತದ್ದು ಸಣ್ಣ ಸೋಲು; ಸಂಜೆ ಮನೆಯಲ್ಲಿಯೇ ಕುಳಿತಾಗ ಆದದ್ದು ಅದಕ್ಕಿಂತ ದೊಡ್ಡದು.

ಇನ್ನು ಸಿಟ್ಟಿನ ವಿಷಯ. ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ಜನರು ‘ನಾವು ಉಪವಾಸ ಮಾಡಿದರೂ ನೀನೇಕೆ ನೋಡಲಿಲ್ಲ’ ಎಂದು ದೇವರನ್ನು ಕೇಳುತ್ತಾರೆ. ಉಪವಾಸದ ದಿನವೇ ಆಳುಗಳನ್ನು ದುಡಿಸಿಕೊಳ್ಳುತ್ತೀರಿ, ಜಗಳಾಡುತ್ತೀರಿ, ಗುದ್ದಾಡುತ್ತೀರಿ ಎಂಬುದು ಅವರಿಗೆ ಸಿಕ್ಕ ಉತ್ತರ. ಆ ಅಧ್ಯಾಯದಲ್ಲಿ ದೇವರು ಹುಡುಕುವುದು ಹಸಿದವನಿಗೆ ಪಾಲು ಕೊಟ್ಟ ಅನ್ನವನ್ನು, ಬಿಚ್ಚಿದ ಬಂಧನವನ್ನು. ಹೀಗಾಗಿ ಈ ಪತ್ರಿಕೆಯನ್ನು ಮಡಚಿಟ್ಟು ಮೊದಲು ಮಗಳ ಹತ್ತಿರ ಹೋಗಿರಿ. ತಾಯಿ ಮಗಳ ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ ಎಂಬುದನ್ನು ಬಲ್ಲೆ, ಆದರೂ ಕೇಳಿರಿ.

ಉಪವಾಸ ವ್ಯರ್ಥವಾಯಿತೇ ಎಂದಿರಿ. ಕನ್ನಡ ಸತ್ಯವೇದದ ‘ಶೋಧನೆ’ ಎಂಬ ಪದಕ್ಕೆ ಮೂಲವಾದ ಗ್ರೀಕ್ ಮಾತಿಗೆ ಆಸೆ ಹಚ್ಚಿ ಬೀಳಿಸುವುದು ಎಂಬ ಅರ್ಥವೂ ಇದೆ, ಪರೀಕ್ಷಿಸುವುದು ಎಂಬ ಅರ್ಥವೂ ಇದೆ. ಲೂಕ 22ರಲ್ಲಿ ಯೇಸು ತನ್ನ ಶಿಷ್ಯನಾದ ಪೇತ್ರನಿಗೆ, ಗೋದಿಯನ್ನು ಹಸನು ಮಾಡುವಂತೆ ನಿಮ್ಮನ್ನು ಕೇರಲು ಸೈತಾನನು ಕೇಳಿಕೊಂಡಿದ್ದಾನೆ ಎನ್ನುತ್ತಾನೆ. ಪೇತ್ರನು ಬೀಳುವುದಿಲ್ಲ, ತನ್ನನ್ನು ಅರಿಯೆನೆನ್ನುವುದಿಲ್ಲ ಎಂಬ ಭರವಸೆಯನ್ನು ಆತನು ಕೊಡುವುದಿಲ್ಲ; ನಂಬಿಕೆ ಕುಂದದಿರಲೆಂದು ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಹೇಳುತ್ತಾನೆ. ಬೀಳುವ ಮೊದಲೇ ಏಳುವ ಮಾತು ಅಲ್ಲಿದೆ. ಮೊರದಲ್ಲಿ ಕೇರುವಾಗ ಹಾರಿಹೋಗುವುದು ಹೊಟ್ಟು, ಕಾಳು ಮೊರದಲ್ಲಿಯೇ ಉಳಿಯುತ್ತದೆ.

ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಒದಗಿಸುತ್ತಾನೆ ಎಂದು 1 ಕೊರಿಂಥ 10:13 ಹೇಳುತ್ತದೆ. ನಿಮ್ಮ ಪಾಲಿಗೆ ಆ ದಾರಿ, ನಾಲ್ಕು ಗಂಟೆಗೆ ಬಾಗಿಲಲ್ಲಿ ಕೂರದೆ ಹಿತ್ತಲ ಕಡೆ ಕಂಡಿಕೆ ಸುತ್ತುವುದೇ ಆಗಿರಬಹುದು. ಭಜಿಯ ಹಣವನ್ನು ಬೇರೆ ತೆಗೆದಿಟ್ಟು ಹಸಿದವರಿಗೆ ಕೊಡಿರಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಕಥೋಲಿಕ ಸಭೆಯ ಕಾನೂನಿನಲ್ಲಿ ಕೂಡ ಲೆಂಟ್ ಆರಂಭದ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕಡ್ಡಾಯವಿರುವುದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ, ಕಾಯಿಲೆಯವರಿಗೆ ವಿನಾಯಿತಿಯಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. ಪ್ರವಾದಿ ದಾನಿಯೇಲನು 3 ವಾರ ರುಚಿಯಾದ ತಿನಿಸು, ಮಾಂಸ, ದ್ರಾಕ್ಷಾರಸಗಳನ್ನು ಮಾತ್ರ ಬಿಟ್ಟಿದ್ದನು, ಅದೂ ವ್ರತವೇ. ಅವರು ಮಾಂಸವನ್ನೂ ಕರಿದದ್ದನ್ನೂ ಬಿಟ್ಟು, ಹೊತ್ತಿಗೆ ಸರಿಯಾಗಿ ರೊಟ್ಟಿ ಪಲ್ಯ ಉಣ್ಣಲಿ. ಹಠ ಬಿಡದಿದ್ದರೆ 1 ಅರಸುಗಳು 19ನೆಯ ಅಧ್ಯಾಯವನ್ನು ಅವರಿಗೆ ಓದಿ ಹೇಳಿರಿ: ಜಾಲಿಗಿಡದಂಥ ಒಂದು ಗಿಡದ ಕೆಳಗೆ ಸಾವು ಬೇಡಿ ಮಲಗಿದ್ದ ಪ್ರವಾದಿ ಎಲೀಯನನ್ನು ದೇವದೂತನು ಎರಡು ಸಲ ತಟ್ಟಿ ಎಬ್ಬಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ಎದ್ದು ಉಣ್ಣು ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಹೋರೇಬ್ ಬೆಟ್ಟದವರೆಗಿನ 40 ದಿನಗಳ ನಡಿಗೆಯನ್ನು ಎಲೀಯನು ಆರಂಭಿಸಿದ್ದು ಅದನ್ನು ಉಂಡ ಮೇಲೆ.